ಬದುಕಿರುವ ಬೂತಾಯಿಯ ಬಲದ ಮೇಲೆ: ಸ್ಯಾನ್ ಡಿಯೇಗೊದಿಂದ ಮೂರು ದಿನದ ಗಾಳದ ಬೋಟು

ಹೊರಡುವ ರಾತ್ರಿ

ಸ್ಯಾನ್ ಡಿಯೇಗೊದ ಪಾಯಿಂಟ್ ಲೋಮಾದಲ್ಲಿ ಸ್ಕಾಟ್ ಸ್ಟ್ರೀಟ್ ಎಂಬ ಸಣ್ಣ ರಸ್ತೆಯಿದೆ. ಅದರ ನೀರಿನ ಬದಿಗೆ ಎಚ್ ಅಂಡ್ ಎಂ ಲ್ಯಾಂಡಿಂಗ್, ಫಿಶರ್‌ಮನ್ಸ್ ಲ್ಯಾಂಡಿಂಗ್, ಪಾಯಿಂಟ್ ಲೋಮಾ ಸ್ಪೋರ್ಟ್‌ಫಿಶಿಂಗ್ ಒಂದಕ್ಕೊಂದು ಅಂಟಿಕೊಂಡೇ ಇವೆ. ಗಾಳ ಹಾಕುವ ಬಾಡಿಗೆ ಬೋಟುಗಳು ಇಲ್ಲಿ ಅರ್ಧ ದಿನಕ್ಕೂ ಸಿಗುತ್ತವೆ, ಮೆಕ್ಸಿಕೊದ ಕೆಳಗಿನವರೆಗೆ ಹೋಗಿಬರುವ ಎರಡು ವಾರಕ್ಕೂ ಸಿಗುತ್ತವೆ. ಮೂರು ದಿನದ ಟ್ರಿಪ್ ಇವೆರಡರ ನಡುವಿನ ಹದ. ದೂರದ ಸಮುದ್ರದಲ್ಲಿ ನೀರಿನಡಿ ಎದ್ದಿರುವ ದಿಬ್ಬಗಳನ್ನು ಮುಟ್ಟಿಬರಬಹುದು, ಶುಕ್ರವಾರ ಒಂದು ರಜೆ ಹಾಕಿದರೆ ಸಾಕು. ಸ್ಯಾನ್ ಡಿಯೇಗೊ, ಅರ್ವೈನ್, ಬೇ ಏರಿಯಾಗಳಲ್ಲಿ ಕೆಲಸದಲ್ಲಿರುವ ನಮ್ಮ ಕರಾವಳಿಯವರು ಈ ಬೋಟುಗಳಲ್ಲಿ ಆಗಾಗ ಕಾಣಸಿಗುವುದು ಅದಕ್ಕೇ.

ಕಾಗದಪತ್ರದ ವಿಷಯ ಮೊದಲೇ ಮುಗಿಸಿಕೊಳ್ಳಬೇಕು. ಹದಿನಾರು ತುಂಬಿದವರೆಲ್ಲರಿಗೂ ಕ್ಯಾಲಿಫೋರ್ನಿಯಾದ ಮೀನುಗಾರಿಕೆ ಲೈಸೆನ್ಸ್ ಬೇಕು. ವರ್ಷದ ಲೈಸೆನ್ಸ್ ಇದ್ದವರು ಅದರ ಜೊತೆಗೆ ಓಷನ್ ಎನ್‌ಹ್ಯಾನ್ಸ್‌ಮೆಂಟ್ ವ್ಯಾಲಿಡೇಶನ್ ಕೂಡ ತೆಗೆದುಕೊಳ್ಳಬೇಕು. ಒಂದು ದಿನ, ಎರಡು ದಿನದ ಲೈಸೆನ್ಸ್‌ಗೆ ಅದು ಬೇಡ. ಆದರೆ ಎರಡು ದಿನದ್ದು ಮೂರು ದಿನದ ಟ್ರಿಪ್‌ಗೆ ಸಾಲುವುದಿಲ್ಲ. ಈ ಲೆಕ್ಕ ತಪ್ಪಿದವರು ಬೋಟು ಬಿಡುವ ಹೊತ್ತಿಗೆ ಕೌಂಟರ್‌ನಲ್ಲಿ ಪರದಾಡುತ್ತಿರುತ್ತಾರೆ. ಮೀನು ದಕ್ಷಿಣದಲ್ಲಿದೆ ಎಂದು ಸುದ್ದಿ ಬಂದರೆ ಕ್ಯಾಪ್ಟನ್ ಮೆಕ್ಸಿಕೊದ ನೀರಿಗೆ ಹೋಗಬಹುದು, ಆಗ ಪಾಸ್‌ಪೋರ್ಟ್ ಮತ್ತು ಮೆಕ್ಸಿಕೊದ ಪರ್ಮಿಟ್ ಎರಡೂ ಬೇಕಾಗುತ್ತವೆ. ಪಾಸ್‌ಪೋರ್ಟ್‌ನಲ್ಲಿ ವೀಸಾದ ಅವಧಿ ಮುಗಿದಿದ್ದರೆ, ಟ್ರಿಪ್ ಅಮೆರಿಕದ ನೀರಿನಲ್ಲೇ ನಡೆಯುತ್ತದೆಯೇ ಎಂದು ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಈ ಸಲ ಬೋಟು ಪಶ್ಚಿಮಕ್ಕೆ ಹೊರಟಿತ್ತು: ಸ್ಯಾನ್ ಕ್ಲೆಮೆಂಟೆ ದ್ವೀಪ, ಅಲ್ಲಿಂದ ಟ್ಯಾನರ್ ಮತ್ತು ಕೋರ್ಟೆಸ್ ದಿಬ್ಬಗಳು. ಎಲ್ಲವೂ ಅಮೆರಿಕದ ನೀರು.

ಹತ್ತುವ ಮುನ್ನ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡುತ್ತಾರೆ. ಮಂಚ, ಟ್ರೋಲಿಂಗ್ (ಓಡುವ ಬೋಟಿನ ಹಿಂದೆ ಗಾಳದ ದಾರ ಎಳೆಯುವುದು) ಸರದಿ, ಹಿಡಿದ ಮೀನಿನ ಲೆಕ್ಕ, ಎಲ್ಲ ಆ ನಂಬರಿನ ಮೇಲೆಯೇ. ಸಸ್ಯಾಹಾರಿಗಳು ಅಡುಗೆಯವನಿಗೆ ಮೊದಲೇ ತಿಳಿಸಿದರೆ ಬೀನ್ಸ್, ಅನ್ನ, ಮೊಟ್ಟೆಯಲ್ಲಿ ಏನಾದರೂ ಮಾಡಿಕೊಡುತ್ತಾನೆ. ಒಂದು ಡಬ್ಬಿ ಚಟ್ನಿಪುಡಿ ಜೊತೆಗಿದ್ದರೆ ಮೂರು ದಿನ ನೆಮ್ಮದಿ. ಸಮುದ್ರದ ವಾಂತಿಗೆ ಮೆಕ್ಲಿಜಿನ್ ಮಾತ್ರೆಯನ್ನು ಹೊರಡುವ ರಾತ್ರಿಯೇ ನುಂಗಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ್ದು ಒಳಗೆ ನಿಲ್ಲುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ. ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿಗೆ ಇಲ್ಲಿ ವೈದ್ಯರ ಚೀಟಿ ಬೇಕು.

ದಕ್ಕೆ ಬಿಟ್ಟ ಬೋಟು ನೇರ ಸಮುದ್ರಕ್ಕೆ ಹೋಗುವುದಿಲ್ಲ. ಕೊಲ್ಲಿಯೊಳಗೆ ತೇಲುವ ಎರೆಯ ಪಂಜರಗಳ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಪಂಜರದ ಅಂಚಿನಲ್ಲಿ ಕಡಲಸಿಂಹಗಳು ಸಾಲಾಗಿ ಮಲಗಿರುತ್ತವೆ, ಒಳಗೆ ಲಕ್ಷಗಟ್ಟಲೆ ಸಾರ್ಡೀನ್. ನಮ್ಮ ಬೂತಾಯಿಯ ಬಳಗವೇ ಇದು. ಮಂಗಳೂರು, ಉಡುಪಿ ಕಡೆಯವರಿಗೆ ಬೂತಾಯಿ ಎಂದರೆ ಪುಳಿಮುಂಚಿ. ಇಲ್ಲಿ ಅದು ಎರೆ, ಅದೂ ಜೀವಂತವಾಗಿದ್ದರೆ ಮಾತ್ರ. ಗಾಳದ ಮಾತು ಬಂದರೆ ಎಲ್ಲರೂ ರಾಡು, ರೀಲಿನಿಂದ ಶುರುಮಾಡುತ್ತಾರೆ. ಅವೆಲ್ಲ ಬೇಕು, ಅನುಮಾನವಿಲ್ಲ. ಆದರೆ ಒಂದೇ ಬೋಟಿನಲ್ಲಿ, ಒಂದೇ ಬೆಲೆಯ ಸಲಕರಣೆ ಹಿಡಿದ ಇಬ್ಬರಲ್ಲಿ ಒಬ್ಬನಿಗೆ ಐದು ಮೀನು, ಇನ್ನೊಬ್ಬನಿಗೆ ಒಂದೂ ಇಲ್ಲ ಎಂದರೆ, ಕಾರಣ ಹತ್ತರಲ್ಲಿ ಎಂಟು ಸಲ ಆ ಸಾರ್ಡೀನನ್ನು ಅವರು ಹೇಗೆ ಆರಿಸಿದರು, ಹೇಗೆ ಹಿಡಿದರು ಎಂಬುದರಲ್ಲಿರುತ್ತದೆ.

ಬಲೆಯಿಂದ ಆಗಷ್ಟೇ ಎತ್ತಿದ ಸಾರ್ಡೀನ್ ಗಾಯಗೊಂಡ ಮೀನು. ಹುರುಪೆ ಉದುರಿರುತ್ತದೆ, ಮೂಗು ಕೆಂಪಾಗಿರುತ್ತದೆ, ಬೇಗನೆ ಎಷ್ಟೋ ಸಾಯುತ್ತವೆ. ಹಾಗಾಗಿ ಪಂಜರದಲ್ಲಿ ಕೆಲವು ದಿನ ಇಟ್ಟು, ದುರ್ಬಲವಾದವು ಸತ್ತು, ಉಳಿದವು ಗಟ್ಟಿಯಾದ ಮೇಲೆ ಬೋಟಿಗೆ ಕೊಡುತ್ತಾರೆ. ಇದಕ್ಕೆ ‘ಕ್ಯೂರ್ಡ್’ ಎರೆ ಎನ್ನುವುದು ರೂಢಿ. ಸಿಬ್ಬಂದಿ ದೊಡ್ಡ ಕೈಬಲೆಯಿಂದ ಮೊಗೆಮೊಗೆದು ಹಿಂಬದಿಯ ಟ್ಯಾಂಕುಗಳಿಗೆ ಸುರಿದರು. ಟ್ಯಾಂಕ್ ಹೆಚ್ಚು ತುಂಬಿಸುವುದೂ ತಪ್ಪು, ಆಮ್ಲಜನಕ ಸಾಲದೆ ಎಲ್ಲವೂ ಒಟ್ಟಿಗೆ ಸೋಲುತ್ತವೆ. ರಾತ್ರಿಯಿಡೀ ಪಂಪು ಸಮುದ್ರದ ನೀರನ್ನು ಹರಿಸುತ್ತಿರಬೇಕು, ಟ್ಯಾಂಕಿನ ಮೇಲೆ ದೀಪ ಉರಿಯುತ್ತಿರಬೇಕು. ಕತ್ತಲಾದರೆ ಮೀನು ಗುಂಪಾಗಿ ಸುತ್ತುವುದನ್ನು ಬಿಟ್ಟು ಗೋಡೆಗೆ ಮೂಗು ಗುದ್ದಿಕೊಳ್ಳುತ್ತದೆ.

ಮೊದಲ ದಿನ: ಸ್ಯಾನ್ ಕ್ಲೆಮೆಂಟೆ ದ್ವೀಪ

ಪಾಯಿಂಟ್ ಲೋಮಾದಿಂದ ಸುಮಾರು 60 ಮೈಲಿ. ಹತ್ತು ನಾಟ್ ವೇಗದಲ್ಲಿ ರಾತ್ರಿಯಿಡೀ ಸಾಗಿ, ಬೆಳಕು ಹರಿಯುವ ಹೊತ್ತಿಗೆ ದ್ವೀಪದ ಆಗ್ನೇಯ ತುದಿಯ ಪಿರಮಿಡ್ ಹೆಡ್ ಕಾಣಿಸಿತು. ದ್ವೀಪ ಅಮೆರಿಕದ ನೌಕಾಪಡೆಗೆ ಸೇರಿದ್ದು. ಹಡಗಿನಿಂದ ಗುಂಡು ಹಾರಿಸುವ ಅಭ್ಯಾಸ ಅದರ ದಕ್ಷಿಣ ಭಾಗದಲ್ಲಿ ನಡೆಯುವುದರಿಂದ ಕೆಲವು ದಿನ ಸುತ್ತಲಿನ ನೀರು ಮುಚ್ಚಿರುತ್ತದೆ. ಯಾವ ಮಗ್ಗುಲು ತೆರೆದಿದೆ ಎಂದು ಕ್ಯಾಪ್ಟನ್ ಮೊದಲೇ ವಿಚಾರಿಸಿಕೊಂಡಿರುತ್ತಾನೆ.

ಇಲ್ಲಿ ಹುಡುಕುವುದು ಯೆಲ್ಲೋಟೇಲ್. ಹತ್ತರಿಂದ ಮೂವತ್ತು ಪೌಂಡಿನ ಹುರಿಗಟ್ಟಿದ ಮೈಯ ಮೀನು, ಕಚ್ಚಿದೊಡನೆ ತಲೆ ಕೆಳಗೆ ಮಾಡಿ ಬಂಡೆಯ ಸಂದಿಗೋ ಕೆಲ್ಪ್ ಪಾಚಿಯ ಕಾಡಿಗೋ ನುಗ್ಗುತ್ತದೆ. ಅದಕ್ಕೇ ಮೊದಲ ಹತ್ತು ಸೆಕೆಂಡಿನಲ್ಲಿ ಮೆತ್ತಗಾದರೆ ಮುಗಿಯಿತು, ಪಾಚಿ ಸುತ್ತಿದ ದಾರ ಅಷ್ಟೇ ಕೈಗೆ ಬರುತ್ತದೆ. 40 ಪೌಂಡಿನ ದಾರಕ್ಕೆ ಡ್ರ್ಯಾಗ್ ಅನ್ನು (ಮೀನು ಎಳೆದಾಗ ರೀಲು ಒಡ್ಡುವ ತಡೆ) 10ರಿಂದ 12 ಪೌಂಡಿಗೆ, ಅಂದರೆ ದಾರದ ಬಲದ ಕಾಲು ಭಾಗದ ಆಸುಪಾಸಿಗೆ ಕಟ್ಟಬೇಕು. ಕೈಯಲ್ಲಿ ಎಳೆದು ‘ಇಷ್ಟಿರಬಹುದು’ ಎನ್ನುವುದನ್ನು ನಂಬಬೇಡಿ. ಸ್ಪ್ರಿಂಗ್ ತಕ್ಕಡಿಯನ್ನು ದಾರಕ್ಕೆ ಸಿಕ್ಕಿಸಿ, ರಾಡನ್ನು ಬಾಗಿಸಿಯೇ ಎಳೆದು ನೋಡಿ. ಕೈ ಅಂದಾಜಿನಲ್ಲಿ ಹನ್ನೆರಡು ಎಂದುಕೊಂಡದ್ದು ತಕ್ಕಡಿಯಲ್ಲಿ ಆರೋ ಏಳೋ ಆಗಿರುವುದು ಸಾಮಾನ್ಯ.

ಎರಡು ವಿಧಾನ ಒಟ್ಟಿಗೆ ನಡೆದವು. ಆಳದಲ್ಲಿ ಮೀನು ಕಂಡಾಗ ಯೋ-ಯೋ: ಸಲಾಸ್ 6ಎಕ್ಸ್ ಅಥವಾ ಟೇಡಿಯಂಥ ಭಾರದ ಲೋಹದ ಜಿಗ್ಗನ್ನು (ಮೀನಿನಂತೆ ತೋರುವ ನಕಲಿ ಎರೆ) ತಳ ಮುಟ್ಟುವವರೆಗೆ ಬಿಟ್ಟು, ತಟ್ಟನೆ ರೀಲ್ ಹಾಕಿ, ನಿಲ್ಲಿಸದೆ ಸುತ್ತಿ ಮೇಲೆ ತರುವುದು. ಒಂದು ಸುತ್ತಿಗೆ ಹೆಚ್ಚು ದಾರ ಎತ್ತುವ, 6:1ರ ಆಸುಪಾಸಿನ ಗೇರಿನ ರೀಲ್ ಇದಕ್ಕೆ ಬೇಕು. ಕಚ್ಚಿದಾಗ ಹೊಸಬರು ಸುತ್ತುವುದನ್ನು ನಿಲ್ಲಿಸಿ ರಾಡನ್ನು ಮೇಲಕ್ಕೆ ಬೀಸುತ್ತಾರೆ. ಜಿಗ್ ಬಾಯಿಂದ ಕಳಚುವುದು ಆಗಲೇ. ರಾಡ್ ಪೂರ್ತಿ ಬಾಗುವವರೆಗೆ ಸುತ್ತುತ್ತಲೇ ಇರಬೇಕು, ಕೊಕ್ಕೆ ತಾನಾಗಿ ನಾಟುತ್ತದೆ. ಜಿಗ್ ತಳದಲ್ಲಿ ಬಹಳ ಹೊತ್ತು ಕೂತರೆ ಬಂಡೆಗೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ತಳ ತಾಗಿದ ಕ್ಷಣ ಬೆರಳಿಗೆ ಗೊತ್ತಾಗಬೇಕು.

ಇನ್ನೊಂದು ಫ್ಲೈಲೈನ್, ಅಂದರೆ ಸೀಸದ ಗುಂಡಿಲ್ಲದೆ ಬರೀ ಕೊಕ್ಕೆಗೆ ಸಾರ್ಡೀನ್ ಸಿಕ್ಕಿಸಿ ಬಿಡುವುದು. ಟ್ಯಾಂಕಿನಲ್ಲಿ ಕೈಯಾಡಿಸಿ ಸಿಕ್ಕಿದ್ದನ್ನು ಎತ್ತುವವರು ಹೆಚ್ಚು. ನಿಧಾನವಾಗಿದ್ದೇ ಮೊದಲು ಕೈಗೆ ಸಿಗುತ್ತದೆ, ಅಂದರೆ ಅದು ಟ್ಯಾಂಕಿನ ಅತ್ಯಂತ ಕೆಟ್ಟ ಎರೆ. ನೋಡಬೇಕಾದದ್ದು ಹಸಿರು ಮಿಂಚುವ ಬೆನ್ನು, ಕೆಂಪಿಲ್ಲದ ಮೂಗು, ಉದುರದ ಹುರುಪೆ, ಕೈ ಹತ್ತಿರ ಹೋದರೆ ಚಿಮ್ಮಿ ಓಡುವ ಚುರುಕು. ಸಣ್ಣ ಬಲೆಯಲ್ಲಿ ಒಂದನ್ನೇ ಹಿಡಿದು, ಒದ್ದೆ ಕೈಯಲ್ಲಿ ಬೆನ್ನಿನ ಮೇಲಿಂದ ಸಡಿಲವಾಗಿ ಹಿಡಿಯಬೇಕು. ಒತ್ತಿದರೆ ಅಂಗೈಗೆ ಬೆಳ್ಳಿಪುಡಿಯಂತೆ ಹುರುಪೆ ಅಂಟುತ್ತದೆ. ಅಂಟಿತು ಎಂದರೆ ಆ ಮೀನು ನೀರಿನಲ್ಲಿ ಎರಡು ನಿಮಿಷ ಈಜಿ ಸೋಲುತ್ತದೆ. ಡೆಕ್ಕಿಗೆ ಬಿದ್ದಿದ್ದನ್ನು ಮತ್ತೆ ಸಿಕ್ಕಿಸಬೇಡಿ. ಕೊಕ್ಕೆ ಹಾಕುವ ಜಾಗ ಮೂರು. ಮೂಗಿನ ಮೃದು ಎಲುಬಿನಲ್ಲಿ ಅಡ್ಡಕ್ಕೆ ಹಾಕಿದರೆ ನೇರ ಈಜುತ್ತದೆ. ಕಿವಿರಿನ ಹಿಂದಿನ ಕಾಲರಿನಲ್ಲಿ ಹಾಕಿದರೆ ದೋಣಿಯಿಂದ ದೂರಕ್ಕೆ ಓಡುತ್ತದೆ. ಹೊಟ್ಟೆಯ ಹಿಂಭಾಗದ ರೆಕ್ಕೆಯ ಹತ್ತಿರ ಹಾಕಿದರೆ ಕೆಳಕ್ಕೆ ಇಳಿಯುತ್ತದೆ. ಕೊಕ್ಕೆಯ ಗಾತ್ರ ಎರೆಗೆ ತಕ್ಕಂತಿರಬೇಕು, ಮೀನಿಗಲ್ಲ. ಐದಾರು ಇಂಚಿನ ಸಾರ್ಡೀನಿಗೆ 1 ಅಥವಾ 1/0, ಇನ್ನೂ ದೊಡ್ಡದಕ್ಕೆ 2/0. ದೊಡ್ಡ ಕೊಕ್ಕೆಯ ಭಾರಕ್ಕೆ ಸಾರ್ಡೀನ್ ಬಾಲ ಬಡಿದರೂ ಮುಂದೆ ಹೋಗಲಾರದು.

ಗಾಳಿ ಬರುವ ಕಡೆಯ ರೈಲಿಂಗಿನಲ್ಲಿ ನಿಲ್ಲಬೇಕು. ಬೋಟು ಗಾಳಿಗೆ ತಳ್ಳಿಕೊಂಡು ಹೋಗುವಾಗ ಆ ಕಡೆಯ ದಾರ ದೂರ ಸರಿಯುತ್ತದೆ. ಎದುರು ಬದಿಯಲ್ಲಿ ನಿಂತರೆ ದಾರ ಬೋಟಿನ ಅಡಿಗೇ ಹೋಗಿ ಪ್ರೊಪೆಲ್ಲರ್‌ಗೆ ಸುತ್ತುತ್ತದೆ. ಎಸೆತ ಕೈಕೆಳಗಿನಿಂದ ಮೆತ್ತಗಿರಲಿ. ಹೆಬ್ಬೆರಳು ಸ್ಪೂಲಿನ (ರೀಲಿನಲ್ಲಿ ದಾರ ಸುತ್ತಿರುವ ಉರುಳೆ) ಮೇಲೆ ಗರಿಯಷ್ಟೇ ಭಾರವಾಗಿ ಕೂತಿರಬೇಕು. ಎರೆ ಹೆದರಿದಾಗ ಅದರ ಬಾಲದ ಬಡಿತ ಬೆರಳಿಗೆ ಬರುತ್ತದೆ, ಕಚ್ಚಿದಾಗ ದಾರ ಒಮ್ಮೆಲೇ ಓಡುತ್ತದೆ. ಒಂದು, ಎರಡು, ಮೂರು ಎಣಿಸಿ ಲಿವರ್ ಮುಂದೆ ತಳ್ಳಿ ಸುತ್ತಬೇಕು. ಮೊನೆ ಒಳಕ್ಕೆ ಬಾಗಿದ ಸರ್ಕಲ್ ಹುಕ್ ಇದ್ದರೆ ರಾಡನ್ನು ಬೀಸಲೇಬಾರದು.

ಮಧ್ಯಾಹ್ನದ ಹೊತ್ತಿಗೆ ಕಡಲಸಿಂಹಗಳು ಬಂದವು. 1972ರ ಸಾಗರ ಸಸ್ತನಿ ಸಂರಕ್ಷಣಾ ಕಾಯಿದೆಯಡಿ ಅವುಗಳನ್ನು ಮುಟ್ಟುವಂತಿಲ್ಲ, ಹಾಗಿರುವುದೇ ಸರಿ. ಒಂದೊಂದು ಯೆಲ್ಲೋಟೇಲ್ ಮೇಲೆ ಬರುವಷ್ಟರಲ್ಲಿ ಬರೀ ತಲೆ ಉಳಿಯತೊಡಗಿದಾಗ ಜಾಗ ಬಿಡುವುದೊಂದೇ ದಾರಿ. ಕ್ಯಾಪ್ಟನ್ ಎರಡು ಸಲ ಜಾಗ ಬದಲಿಸಿ, ಸಂಜೆ ನಾಲ್ಕಕ್ಕೆ ಪಶ್ಚಿಮದ ದಾರಿ ಹಿಡಿದ.

ಎರಡನೇ ದಿನ: ಟ್ಯಾನರ್ ಮತ್ತು ಕೋರ್ಟೆಸ್

ಎರಡನೇ ದಿನ ಶುರುವಾಗಿದ್ದು ರಾತ್ರಿ ಒಂದೂವರೆಗೆ, ‘ಎಲ್ಲರೂ ಎದ್ದೇಳಿ’ ಎಂಬ ಸ್ಪೀಕರಿನ ಕೂಗಿನಿಂದ. ಸೋನಾರಿನಲ್ಲಿ ಬ್ಲೂಫಿನ್ ಟ್ಯೂನಾ ಕಂಡಿತ್ತು.

ಈ ಮೀನಿನ ಹಿನ್ನೆಲೆ ತಿಳಿದಿದ್ದರೆ ಹಿಡಿಯುವವನ ಕೈಗೂ ಒಂದು ಗೌರವ ಬರುತ್ತದೆ. ಪೆಸಿಫಿಕ್ ಬ್ಲೂಫಿನ್ ಹುಟ್ಟುವುದು ಜಪಾನ್, ತೈವಾನ್ ಕಡೆಯ ನೀರಿನಲ್ಲಿ. ಅವುಗಳಲ್ಲಿ ಕೆಲವು ಮರಿಯಾಗಿದ್ದಾಗಲೇ ಇಡೀ ಪೆಸಿಫಿಕ್ ಸಾಗರವನ್ನು ದಾಟಿ ಕ್ಯಾಲಿಫೋರ್ನಿಯಾ, ಮೆಕ್ಸಿಕೊ ಕರಾವಳಿಗೆ ಬಂದು ಮೇದು ಬೆಳೆದು, ಮೊಟ್ಟೆ ಇಡಲು ಮತ್ತೆ ಅದೇ ದೂರ ವಾಪಸು ಈಜುತ್ತವೆ. ಅತಿಯಾಗಿ ಹಿಡಿದು ಸಂತತಿ ಕುಗ್ಗಿದ್ದರಿಂದ 2015ರಲ್ಲಿ ಇಲ್ಲಿ ಒಬ್ಬರಿಗೆ ದಿನಕ್ಕೆ ಹತ್ತಿದ್ದ ಮಿತಿಯನ್ನು ಎರಡಕ್ಕೆ ಇಳಿಸಿದರು. ಆಮೇಲಿನ ವರ್ಷಗಳಲ್ಲಿ ಸಂತತಿ ಚೇತರಿಸಿಕೊಂಡಿದೆ. ದಿನಕ್ಕೆ ಎರಡು ಎಂಬುದನ್ನು ಗೊಣಗದೆ ಪಾಲಿಸಬೇಕಾದ ಕಾರಣವೂ ಇದೇ.

ಹಗಲು ಬ್ಲೂಫಿನ್ನಿನ ಕಣ್ಣು ಬಹಳ ಚುರುಕು, ದಪ್ಪ ದಾರ ಕಂಡರೆ ಹತ್ತಿರ ಸುಳಿಯುವುದಿಲ್ಲ. ಕತ್ತಲಲ್ಲಿ ಆ ಎಚ್ಚರ ಕಡಿಮೆಯಾಗುತ್ತದೆ, ಆದ್ದರಿಂದ ದೊಡ್ಡ ಮೀನಿಗೆ ದಪ್ಪ ಸಲಕರಣೆ ಹೂಡಲು ರಾತ್ರಿಯೇ ಸಮಯ. ಎರಡು ಗೇರಿನ 30ರ ಗಾತ್ರದ ರೀಲ್, 100 ಪೌಂಡಿನ ಹೆಣೆದ ದಾರ, ಅದರ ತುದಿಗೆ 100 ಪೌಂಡಿನ ಫ್ಲೋರೊಕಾರ್ಬನ್ (ನೀರಿನಲ್ಲಿ ಸುಲಭಕ್ಕೆ ಕಾಣದ ಒಂಟಿ ಎಳೆಯ ದಾರ), ಕೊನೆಗೆ 250ರಿಂದ 400 ಗ್ರಾಂನ ನೈಫ್ ಜಿಗ್. ಜಿಗ್ಗಿನ ಮೇಲಿನ ಹೊಳೆಯುವ ಬಣ್ಣಕ್ಕೆ ಯುವಿ ಟಾರ್ಚ್ ಹಿಡಿದು ‘ಚಾರ್ಜ್’ ಮಾಡಿ ಬಿಡುತ್ತಾರೆ. ಹತ್ತು ಮೀಟರಿಗೊಮ್ಮೆ ಬಣ್ಣ ಬದಲಾಗುವ ದಾರ ಇಲ್ಲಿ ಬಹಳ ಉಪಯುಕ್ತ. ಕ್ಯಾಪ್ಟನ್ ‘ಇನ್ನೂರು ಅಡಿ’ ಎಂದು ಕೂಗಿದರೆ ಆರು ಬಣ್ಣ ಎಣಿಸಿದರಾಯಿತು. ಬಣ್ಣವಿಲ್ಲದ ದಾರದವರು ಅಂದಾಜಿನಲ್ಲಿ ಬಿಡುತ್ತಾರೆ, ಮೀನು ಇನ್ನೂರರಲ್ಲಿದ್ದಾಗ ಅವರ ಜಿಗ್ ಮುನ್ನೂರರಲ್ಲಿರುತ್ತದೆ.

ಕಚ್ಚುವುದು ಹೆಚ್ಚಾಗಿ ಜಿಗ್ ಇಳಿಯುವಾಗ. ಆಗ ರಾಡಿಗೆ ಯಾವ ಪೆಟ್ಟೂ ಬರುವುದಿಲ್ಲ. ಇಳಿಯುತ್ತಿದ್ದ ದಾರ ಸುಮ್ಮನೆ ನಿಂತುಬಿಡುತ್ತದೆ, ಅಥವಾ ಸಡಿಲವಾಗುತ್ತದೆ. ತಳ ಇನ್ನೂ ಎಷ್ಟೋ ಆಳದಲ್ಲಿರುವಾಗ ದಾರ ನಿಂತಿತು ಎಂದರೆ ಅದು ಮೀನೇ. ತಕ್ಷಣ ಲಿವರ್ ತಳ್ಳಿ, ಭಾರ ಸಿಗುವವರೆಗೆ ಸುತ್ತಬೇಕು. ‘ಏನೋ ಆಯಿತಲ್ಲ’ ಎಂದು ಯೋಚಿಸುತ್ತ ನಿಂತರೆ ಮೀನು ಜಿಗ್ಗನ್ನು ಉಗುಳಿರುತ್ತದೆ.

ಎರಡೂಕಾಲಿಗೆ ಹಿಂಬದಿಯ ಎಡಮೂಲೆಯಲ್ಲಿ ಒಂದು ರಾಡ್ ಬಾಗಿತು. ಹಿಡಿದಿದ್ದವನು ಅರ್ವೈನ್‌ನಿಂದ ಬಂದ ಹುಡುಗ, ಪಕ್ಕದಲ್ಲಿ ನಿಂತಿದ್ದವರು ಕುಂದಾಪುರದ ಕಡೆಯ ಹಿರಿಯರು. ಮೊದಲ ಓಟಕ್ಕೆ ದಾರ ಸುಮಾರು ಮುನ್ನೂರು ಗಜ ಹೋಯಿತು. ಹುಡುಗ ಸ್ಪೂಲಿಗೆ ಬೆರಳು ಒತ್ತಲು ಹೋದ.

“ಬೆರಳು ತೆಗಿ ಮಾರಾಯ! ಹೆಣೆದ ದಾರ, ಎಲುಬಿನವರೆಗೆ ಕೊಯ್ತದೆ. ಓಡಲಿ ಬಿಡು.”

“ಪೂರ್ತಿ ಖಾಲಿ ಆಗ್ತದಲ್ಲ ಅಣ್ಣಾ?”

“ಆಗೂದಿಲ್ಲ. ರಾಡನ್ನು ರೈಲಿಂಗ್ ಮೇಲೆ ಇಡು, ಕೈಯಲ್ಲಿ ಹೊರಬೇಡ. ನಿಂತ ಕೂಡಲೇ ಲೋ ಗೇರಿಗೆ ಹಾಕಿ ಸುತ್ತು.”

ಇಲ್ಲಿ ದೊಡ್ಡ ಮೀನಿನ ಜೊತೆ ಗುದ್ದಾಡುವುದು ರೈಲಿಂಗಿನ ಮೇಲೆ. ರಾಡಿನ ಮುಂಗೈ ಹಿಡಿಯನ್ನು ದಪ್ಪ ಮೆತ್ತೆ ಸುತ್ತಿದ ರೈಲಿಂಗಿಗೆ ಆನಿಸಿ, ರಾಡಿನ ಬುಡವನ್ನು ತೊಡೆಯ ಕೆಳಕ್ಕೆ ತಳ್ಳಿ, ಭಾರವನ್ನೆಲ್ಲ ಬೋಟಿಗೆ ಹೊರಿಸುವುದು. ಹಾಗೆ ಮಾಡದಿದ್ದರೆ ಹದಿನೈದು ನಿಮಿಷಕ್ಕೆ ಸೊಂಟ ಹೋಗುತ್ತದೆ, ಮೀನಿಗೆ ಮಾತ್ರ ಏನೂ ಆಗಿರುವುದಿಲ್ಲ. ಮೀನು ದಾರದ ಜೊತೆ ಮುಂಬದಿಗೆ ಹೋದರೆ ಹಿಡಿದವನೂ ಅದರ ಹಿಂದೆ ನಡೆಯಬೇಕು, ಬೇರೆಯವರ ದಾರದ ಅಡಿಯಲ್ಲೋ ಮೇಲೋ ದಾಟುವಾಗ ಕೂಗಿ ಹೇಳಬೇಕು. ಓರೆಯಾಗಿ ಎಳೆಯುತ್ತ ಒಂದೇ ಜಾಗದಲ್ಲಿ ನಿಂತವನು ಐದು ಜನರ ದಾರ ಕತ್ತರಿಸುತ್ತಾನೆ.

ಕೊನೆಯ ನೂರು ಅಡಿಯಲ್ಲಿ ಟ್ಯೂನಾ ನೇರ ಕೆಳಗೆ ವೃತ್ತ ಹಾಕತೊಡಗುತ್ತದೆ. ಸುತ್ತಿನ ಅರ್ಧದಲ್ಲಿ ಅದು ದೂರ ಹೋಗುತ್ತದೆ, ಇನ್ನರ್ಧದಲ್ಲಿ ಬೋಟಿನತ್ತ ತಿರುಗುತ್ತದೆ. ದೂರ ಹೋಗುವಾಗ ಹಿಡಿದು ನಿಲ್ಲಬೇಕು, ತಿರುಗುವಾಗ ಎರಡೋ ಮೂರೋ ಸುತ್ತು ಕದಿಯಬೇಕು. ಹುಡುಗ ಮುಕ್ಕಾಲು ಗಂಟೆ ಹಾಗೇ ಕದ್ದ. ದೀಪದ ಬೆಳಕಿಗೆ ನೀರಿನಡಿ ಬೆಳ್ಳಗೆ ಹೊಳೆದಾಗ ಡೆಕ್‌ಹ್ಯಾಂಡ್ ‘ಕಲರ್!’ ಎಂದು ಕೂಗಿದ. ಇಬ್ಬರು ಗ್ಯಾಫ್ (ಉದ್ದ ಕೋಲಿನ ಕೊಕ್ಕೆ) ಹಿಡಿದು ಕಾದರು. ಮೀನಿನ ತಲೆ ತಮ್ಮ ಕಡೆ ತಿರುಗುವವರೆಗೆ ಗ್ಯಾಫ್ ನೀರಿಗೆ ಇಳಿಯಲಿಲ್ಲ. ಅವಸರಕ್ಕೆ ಬಾಲದ ಕಡೆ ಹೊಡೆದರೆ ಮೀನು ಗ್ಯಾಫನ್ನೂ ಎಳೆದುಕೊಂಡು ಹೋಗುತ್ತದೆ, ಗ್ಯಾಫಿನ ಮೊನೆ ದಾರಕ್ಕೆ ತಾಗಿದರೆ ಮುಕ್ಕಾಲು ಗಂಟೆ ನೀರುಪಾಲು. ಎರಡೂ ತಲೆಗೇ ಬಿದ್ದವು. ನೂರು ಪೌಂಡ್ ದಾಟಿದ ಮೀನು. ಇನ್ನೂರು ಪೌಂಡ್ ದಾಟಿದ್ದನ್ನು ಇಲ್ಲಿಯವರು ‘ಕೌ’ ಎನ್ನುತ್ತಾರೆ. ಆ ರಾತ್ರಿ ಅಂಥದ್ದು ಬರಲಿಲ್ಲ.

ಮೀನು ತಪ್ಪಿದವರ ಕಡೆ ನೋಡಿದರೆ ಕಾರಣ ಹೆಚ್ಚಾಗಿ ಗಂಟು. ಹೆಣೆದ ದಾರಕ್ಕೂ ಫ್ಲೋರೊಕಾರ್ಬನ್‌ಗೂ ಎಫ್‌ಜಿ ಗಂಟು ಒಳ್ಳೆಯದು, ತೆಳ್ಳಗಿರುತ್ತದೆ, ರಾಡಿನ ಉಂಗುರಗಳಲ್ಲಿ ತಡೆಯುವುದಿಲ್ಲ. ಆದರೆ ಅದನ್ನು ಕೈಗವಸು ಹಾಕಿ, ದಾರದ ಬಣ್ಣ ಗಾಢವಾಗುವವರೆಗೆ ಬಿಗಿಯಬೇಕು. ಅರ್ಧ ಬಿಗಿದದ್ದು ಮೊದಲ ಓಟದಲ್ಲೇ ಜಾರುತ್ತದೆ. ಕೊಕ್ಕೆಗೆ ಸ್ಯಾನ್ ಡಿಯೇಗೊ ಜ್ಯಾಮ್ ಗಂಟು ಹಾಕುವಾಗ ಎಂಜಲು ಹಚ್ಚಿ ಒದ್ದೆ ಮಾಡಿಯೇ ಎಳೆಯಬೇಕು. ಒಣಗಿದ ಫ್ಲೋರೊಕಾರ್ಬನ್ ತನ್ನದೇ ಉಜ್ಜಿನ ಬಿಸಿಗೆ ಸುಟ್ಟು ಸುರುಳಿಯಾಗುತ್ತದೆ. ಸುರುಳಿ ಕಂಡರೆ ಕತ್ತರಿಸಿ ಮತ್ತೆ ಕಟ್ಟಿ. ಮನೆಯಲ್ಲೇ ಕಟ್ಟಿ ತರುವುದು ಎಲ್ಲಕ್ಕಿಂತ ಉತ್ತಮ, ತೂಗುವ ಬೋಟಿನಲ್ಲಿ ನಡುರಾತ್ರಿ ಎಫ್‌ಜಿ ಕಟ್ಟುವುದು ಸುಲಭವಲ್ಲ.

ಬೆಳಕು ಹರಿದಾಗ ಬೋಟು ಕೋರ್ಟೆಸ್ ದಿಬ್ಬದ ಮೇಲಿತ್ತು. ತೀರದಿಂದ ಸುಮಾರು ನೂರು ಮೈಲಿ, ಕಣ್ಣಿಗೆ ನೆಲವೇ ಇಲ್ಲ, ಆದರೂ ಇಲ್ಲಿನ ಬಿಷಪ್ ರಾಕ್ ನೀರಿನ ಮೇಲ್ಮೈಯಿಂದ ಕೆಲವೇ ಅಡಿ ಕೆಳಗಿದೆ. 1985ರಲ್ಲಿ ಯುಎಸ್‌ಎಸ್ ಎಂಟರ್‌ಪ್ರೈಸ್ ಎಂಬ ಅಣುಶಕ್ತಿಯ ವಿಮಾನವಾಹಕ ನೌಕೆ ತಳ ತಾಗಿಸಿಕೊಂಡದ್ದು ಇದರ ಹತ್ತಿರವೇ. ಆಳದ ತಣ್ಣನೆಯ ನೀರು ಈ ದಿಬ್ಬಕ್ಕೆ ಬಡಿದು ಮೇಲೆ ಬರುತ್ತದೆ, ಜೊತೆಗೆ ಪೋಷಕಾಂಶ ತರುತ್ತದೆ, ಅದರ ಬೆನ್ನಿಗೆ ಸಣ್ಣ ಮೀನು, ಸಣ್ಣ ಮೀನಿನ ಬೆನ್ನಿಗೆ ಟ್ಯೂನಾ.

ಹಗಲಿನ ಬ್ಲೂಫಿನ್ ಮತ್ತೆ ಸಾರ್ಡೀನಿನ ಆಟ. ಮೂವತ್ತು, ನಲವತ್ತು ಪೌಂಡಿನ ಮೀನುಗಳಿಗೆ 30 ಪೌಂಡಿನ ಫ್ಲೋರೊಕಾರ್ಬನ್, 1/0 ಕೊಕ್ಕೆ. ಡೆಕ್‌ಹ್ಯಾಂಡ್ ಒಂದು ಸಲಕ್ಕೆ ಮೂರು, ನಾಲ್ಕೇ ಸಾರ್ಡೀನ್ ಎಸೆಯುತ್ತಿದ್ದ. ಮುಷ್ಟಿಗಟ್ಟಲೆ ಎಸೆದರೆ ಮೀನಿಗೆ ಹೊಟ್ಟೆ ತುಂಬುತ್ತದೆ, ಕೊಕ್ಕೆಯ ಎರೆ ಗುಂಪಿನಲ್ಲಿ ಕಳೆದುಹೋಗುತ್ತದೆ. ಎರೆ ಸುಸ್ತಾದ ಕೂಡಲೇ ಬದಲಿಸುತ್ತ ಹೋದವರಿಗೆ ಮೀನು ಬಂತು. ಒಂದೇ ಎರೆಯನ್ನು ಹತ್ತು ನಿಮಿಷ ತೇಲಿಬಿಟ್ಟವರಿಗೆ ಬಿಸಿಲಷ್ಟೇ. ಮೀನು ಮೇಲೆ ಬರದೆ ಆಳದಲ್ಲೇ ಉಳಿದಾಗ ಟಾರ್ಪಿಡೊ ಆಕಾರದ 6ರಿಂದ 8 ಔನ್ಸಿನ ಸೀಸವನ್ನು ಎರೆಯಿಂದ ಇಪ್ಪತ್ತು, ಇಪ್ಪತ್ತೈದು ಅಡಿ ಮೇಲೆ ರಬ್ಬರ್ ಬ್ಯಾಂಡಿನಲ್ಲಿ ದಾರಕ್ಕೆ ಕಟ್ಟಿ ಇಳಿಸಿದರು. ಮೀನಿನೊಂದಿಗೆ ಸೀಸ ರಾಡಿನ ತುದಿಗೆ ಬಂದಾಗ ಬ್ಯಾಂಡ್ ಹರಿದು ತೆಗೆದರೆ ಸುತ್ತುವುದಕ್ಕೆ ಅಡ್ಡಿಯಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ವಾಯವ್ಯದ ಗಾಳಿ ಇಪ್ಪತ್ತು ನಾಟ್ ಹತ್ತಿರ ಎದ್ದಿತು. ಹೊರಗಿನ ದಿಬ್ಬಗಳಲ್ಲಿ ಇದು ಮಾಮೂಲು. ಮಾತ್ರೆ ತೆಗೆದುಕೊಳ್ಳದವರು ಗಾಳಿಮರೆಯ ಬದಿಯ ರೈಲಿಂಗಿಗೆ ಬಗ್ಗಿದರು, ಅದೇ ಸರಿಯಾದ ಜಾಗ. ಕೆಳಗಿನ ಶೌಚಾಲಯಕ್ಕೆ ಹೋದರೆ ಮುಚ್ಚಿದ ಗಾಳಿಗೆ ಇನ್ನೂ ಹೆಚ್ಚಾಗುತ್ತದೆ.

ಮೂರನೇ ದಿನ: ತೇಲುವ ಪಾಚಿ, ಮತ್ತೆ ದಕ್ಕೆ

ಹಿಂದಿರುಗುವ ದಾರಿಯಲ್ಲಿ ನಾಲ್ಕು ದಾರ ಟ್ರೋಲಿಂಗ್‌ಗೆ ಬಿಟ್ಟಿದ್ದರು, ನಂಬರಿನ ಸರದಿಯಂತೆ ನಾಲ್ಕು ನಾಲ್ಕು ಜನ. ಕಣ್ಣೆಲ್ಲ ನೀರಿನ ಮೇಲೆ. ತಳದಿಂದ ಕಿತ್ತು ಬಂದ ಕೆಲ್ಪ್ ಪಾಚಿಯ ಹಾಸುಗಳು ಸಮುದ್ರದ ನಡುವೆ ತೇಲುತ್ತಿರುತ್ತವೆ, ನೆರಳಿಗೆ ಸಣ್ಣ ಮೀನು ಸೇರುತ್ತದೆ, ಅವುಗಳ ಸುತ್ತ ಡೊರಾಡೊ (ಮಾಹಿಮಾಹಿ ಮೀನು), ಯೆಲ್ಲೋಟೇಲ್. ಕ್ಯಾಪ್ಟನ್ ಹಾಸಿನ ಮೇಲೆಯೇ ಬೋಟು ಹಾಯಿಸುವುದಿಲ್ಲ. ಗಾಳಿಯ ಕಡೆ ದೂರದಲ್ಲೇ ಎಂಜಿನ್ ತಗ್ಗಿಸಿ, ಬೋಟು ತಾನಾಗಿ ಅದರತ್ತ ತೇಲುವಂತೆ ನಿಲ್ಲಿಸುತ್ತಾನೆ. ಡೊರಾಡೊ ಕಚ್ಚಿದಾಗ ಮೊದಲ ಮೀನನ್ನು ಬೇಗ ಮೇಲೆತ್ತದೆ ನೀರಿನಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಅದರ ಗುಂಪು ಬೋಟಿನ ಬಳಿಯೇ ಉಳಿಯುತ್ತದೆ. ಎರಡು ಹಾಸು ಖಾಲಿ, ಮೂರನೆಯದರಲ್ಲಿ ಅರ್ಧ ಗಂಟೆ ಎಡೆಬಿಡದ ಕೆಲಸ.

ಹಿಡಿದ ಮೇಲಿನ ಕೆಲಸಕ್ಕೆ ಇಲ್ಲಿಯ ಸಿಬ್ಬಂದಿ ಕೊಡುವ ಗಮನ ನಮ್ಮ ಕರಾವಳಿಯ ಬೋಟಿನವರೂ ಮೆಚ್ಚುವಂಥದ್ದು. ಟ್ಯೂನಾ ತನ್ನ ಮೈಯನ್ನು ಸುತ್ತಲಿನ ನೀರಿಗಿಂತ ಬೆಚ್ಚಗಿಟ್ಟುಕೊಳ್ಳುವ ಮೀನು. ಬಹಳ ಹೊತ್ತು ಗುದ್ದಾಡಿದಾಗ ಮಾಂಸದೊಳಗೆ ಬಿಸಿ ಏರುತ್ತದೆ, ಆಮ್ಲ ಸೇರುತ್ತದೆ. ಹಾಗೇ ಡೆಕ್ಕಿನ ಮೇಲೆ ಬಿಟ್ಟರೆ ಕೆಂಪು ಮಾಂಸ ಬೆಂದಂತೆ ಬಿಳಿಚಿ ಹುಳಿ ರುಚಿ ಬರುತ್ತದೆ. ಆದ್ದರಿಂದ ಡೆಕ್ಕಿಗೆ ಬಂದ ಕೂಡಲೇ ಮೆದುಳಿಗೆ ಮೊಳೆಯಂಥ ಕಡ್ಡಿ ಚುಚ್ಚಿ, ಕಿವಿರಿನ ರಕ್ತನಾಳ ಕೊಯ್ದು ರಕ್ತ ಹರಿಸಿ, ಕಿವಿರಿನ ಮುಚ್ಚಳಕ್ಕೆ ನಂಬರಿನ ಪಟ್ಟಿ ಸ್ಟೇಪಲ್ ಮಾಡಿ, ಕೆಳಗಿನ ಶೀತಲ ಸಮುದ್ರನೀರಿನ ಟ್ಯಾಂಕಿಗೆ ಇಳಿಸುತ್ತಾರೆ. ಉಪ್ಪುನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೂ ಹೆಪ್ಪುಗಟ್ಟದೆ ಇರುವುದರಿಂದ, ಮಂಜುಗಡ್ಡೆಯ ಚೂರಿಗಿಂತ ಬೇಗ, ಎಲ್ಲ ಬದಿಯಿಂದ ಸಮನಾಗಿ ತಣಿಸುತ್ತದೆ.

ಬೋಟಿನಲ್ಲೇ ಟ್ಯೂನಾ ಕತ್ತರಿಸುವುದಾದರೆ ಕ್ಯಾಲಿಫೋರ್ನಿಯಾದ ನಿಯಮ ಕಟ್ಟುನಿಟ್ಟು: ಒಂದು ಮೀನಿಗೆ ಆರು ತುಂಡು, ಅಂದರೆ ಬೆನ್ನು, ಹೊಟ್ಟೆ ಬದಿಯ ನಾಲ್ಕು ಉದ್ದ ತುಂಡು, ರೆಕ್ಕೆಗಳ ಸಮೇತ ಕಾಲರ್, ರೆಕ್ಕೆಗಳ ಸಮೇತ ಹೊಟ್ಟೆಯ ಪಟ್ಟಿ. ಒಂದು ಮೀನಿನದು ಒಂದೇ ಚೀಲದಲ್ಲಿ. ಯಾವ ಜಾತಿಯ ಟ್ಯೂನಾ, ಎಷ್ಟು ಮೀನು ಎಂದು ಅಧಿಕಾರಿಗೆ ಗುರುತಾಗಬೇಕು ಎಂಬುದೇ ಇದರ ಉದ್ದೇಶ. ಇಡಿಯಾಗಿ ತಂದರೆ ದಕ್ಕೆಯಲ್ಲೇ ಮೀನು ಕೊಯ್ದು ನಿರ್ವಾತ ಚೀಲದಲ್ಲಿ ಕಟ್ಟಿಕೊಡುವವರಿದ್ದಾರೆ. ಕಾಲರನ್ನು ಬೇಡ ಎನ್ನಬೇಡಿ, ಮೆಣಸು, ಹುಣಸೆ ಹಚ್ಚಿ ಕಾವಲಿಯಲ್ಲಿ ಸುಟ್ಟರೆ ಅದರಷ್ಟು ರುಚಿಯ ಭಾಗ ಬೇರೆಯಿಲ್ಲ.

ಸೋಮವಾರ ಬೆಳಗಿನ ಜಾವ ದಕ್ಕೆಗೆ ಬಂದಾಗ ನಂಬರಿನ ಪ್ರಕಾರ ಮೀನು ಇಳಿಸಿದರು. ಅತಿ ದೊಡ್ಡ ಮೀನಿನ ಜ್ಯಾಕ್‌ಪಾಟ್ ಅರ್ವೈನ್ ಹುಡುಗನ ಪಾಲಾಯಿತು. ಸಿಬ್ಬಂದಿಗೆ ಟಿಕೆಟ್ ದರದ ಶೇ 15ರಿಂದ 20ರಷ್ಟು ಟಿಪ್ ಕೊಡುವುದು ಇಲ್ಲಿಯ ಪದ್ಧತಿ. ಅಷ್ಟೂ ರಾತ್ರಿ ಅವರು ಎಷ್ಟು ಹೊತ್ತು ಮಲಗಿದ್ದರು ಎಂದು ನೋಡಿದವರು ಅದಕ್ಕಿಂತ ಕಡಿಮೆ ಕೊಡಲಾರರು.

ಮನೆಗೆ ಹೋದ ದಿನವೇ ರೀಲುಗಳನ್ನು ತೊಳೆಯಿರಿ. ಮೊದಲು ಡ್ರ್ಯಾಗ್ ಪೂರ್ತಿ ಬಿಗಿ ಮಾಡಬೇಕು, ಇಲ್ಲದಿದ್ದರೆ ಉಪ್ಪುನೀರು ಡ್ರ್ಯಾಗಿನ ಬಿಲ್ಲೆಗಳ ನಡುವೆ ಇಳಿಯುತ್ತದೆ. ನಲ್ಲಿ ನೀರನ್ನು ಜೋರಾಗಿ ಬಿಡದೆ ತುಂತುರಾಗಿ ಬಿಡಿ. ಜೋರು ನೀರು ಉಪ್ಪನ್ನು ಬೇರಿಂಗಿನ ಒಳಕ್ಕೇ ತಳ್ಳುತ್ತದೆ. ಒರೆಸಿ ಒಣಗಿಸಿದ ಮೇಲೆ ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ಇಡಿ, ಬಿಗಿಯಾಗಿಯೇ ಬಿಟ್ಟರೆ ಬಿಲ್ಲೆಗಳು ಒತ್ತಿಕೊಂಡು ಮುಂದಿನ ಸಲ ಮೊದಲ ಓಟಕ್ಕೇ ತಡವರಿಸುತ್ತವೆ. ಮೀನು ಹಿಡಿದ ಫ್ಲೋರೊಕಾರ್ಬನ್ ತುದಿಗಳನ್ನು ಕತ್ತರಿಸಿ ಎಸೆಯಿರಿ, ಹೆಣೆದ ದಾರದ ಮೊದಲ ಐವತ್ತು ಅಡಿಯನ್ನು ಬೆರಳ ನಡುವೆ ಎಳೆದು ಎಲ್ಲಾದರೂ ನಾರು ಎದ್ದಿದೆಯೇ ನೋಡಿ, ಎದ್ದಿದ್ದರೆ ಅಲ್ಲಿಯವರೆಗೆ ಕತ್ತರಿಸಿ.